ಟ್ಯಾಬ್ ಬದಲಿಸಿ ಬಂದರೆ ಪರದೆ ಮೊದಲಿನಿಂದ ಶುರುವಾಗುತ್ತದೆಯೇ? ದೋಷ ಹಿಡಿಯುವ ದಾರಿ

ದೂರು ಹೆಚ್ಚುಕಡಿಮೆ ಒಂದೇ ಮಾತಿನಲ್ಲಿ ಬರುತ್ತದೆ: ‘ಹುಡುಕಾಟದಲ್ಲಿ ಮೂರು ಪುಟ ಒಳಗೆ ಹೋಗಿದ್ದೆ. ನಡುವೆ ಖಾತೆ ಟ್ಯಾಬ್ ಒತ್ತಿ ಏನೋ ನೋಡಿಕೊಂಡು ಮರಳಿದೆ. ಹುಡುಕಾಟ ಖಾಲಿ.’ ಪರದೆಯ ಕೆಳಗೆ ನಾಲ್ಕು ಟ್ಯಾಬ್‌ಗಳಿರುವ ಆ್ಯಪ್ ಬರೆದ ಯಾರಿಗೂ ಈ ದೂರು ಒಂದಲ್ಲ ಒಂದು ದಿನ ತಪ್ಪಿದ್ದಲ್ಲ. ನನಗೆ ಮೊದಲ ಸಲ ಬಂದಾಗ ಎಲ್ಲರೂ ಮಾಡುವುದನ್ನೇ ಮಾಡಿದೆ. ಮೊದಲು ಸಿಕ್ಕ ಉತ್ತರವನ್ನು ತಂದು ಅಂಟಿಸಿದೆ. ದೂರು ನಿಂತಿತು. ಆದರೆ ಆ್ಯಪ್ ತೆರೆದುಕೊಳ್ಳುವುದು ನಿಧಾನವಾಯಿತು, ಕಣ್ಣಿಗೆ ಕಾಣದ ಟ್ಯಾಬಿನ ವೀಡಿಯೊ ಒಳಗಿನಿಂದಲೇ ಮಾತನಾಡತೊಡಗಿತು, ಬ್ಯಾಕ್ ಬಟನ್ ಒತ್ತಿದವರು ನೇರವಾಗಿ ಆ್ಯಪ್‌ನಿಂದಲೇ ಹೊರಗೆ ಬಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆ.

ತಡವಾಗಿ ತಿಳಿದದ್ದು ಇಷ್ಟು. ‘ಸ್ಥಿತಿ ಉಳಿಯುತ್ತಿಲ್ಲ’ ಎನ್ನುವಾಗ ನಾವು ಕನಿಷ್ಠ ನಾಲ್ಕು ಬೇರೆ ಬೇರೆ ನಷ್ಟಗಳನ್ನು ಒಂದೇ ಹೆಸರಿನಿಂದ ಕರೆಯುತ್ತಿರುತ್ತೇವೆ. ಪರದೆಯ ವಸ್ತುವೇ ನಾಶವಾಗಿ ಹೊಸದು ಹುಟ್ಟಿರಬಹುದು. ಪರದೆ ಬದುಕಿದ್ದು, ಅದರ ಮೇಲೆ ಪೇರಿಸಿದ್ದ ಪುಟಗಳ ರಾಶಿ, ಅಂದರೆ ಬ್ಯಾಕ್‌ಸ್ಟ್ಯಾಕ್, ಮಾತ್ರ ಚೆಲ್ಲಿಹೋಗಿರಬಹುದು. ರಾಶಿ ಸರಿಯಾಗಿಯೇ ಇದ್ದು, ಸ್ಕ್ರಾಲ್ ಮಾಡಿ ನಿಂತ ಜಾಗ ಅಥವಾ ಅರ್ಧ ತುಂಬಿದ ಫಾರ್ಮ್ ಮಾಯವಾಗಿರಬಹುದು. ಕೊನೆಯದಾಗಿ, ಆಪರೇಟಿಂಗ್ ಸಿಸ್ಟಮ್ಮೇ ಇಡೀ ಪ್ರಕ್ರಿಯೆಯನ್ನು, ಅಂದರೆ ಓಡುತ್ತಿರುವ ಆ್ಯಪ್ ಅನ್ನೇ, ಕೊಂದಿರಬಹುದು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಹಾಗಾಗಿ ಕೋಡ್ ಮುಟ್ಟುವ ಮೊದಲು ಸತ್ತದ್ದು ಯಾವುದು, ಯಾವಾಗ ಸತ್ತಿತು ಎಂಬುದನ್ನು ಖಚಿತ ಮಾಡಿಕೊಳ್ಳಬೇಕು.

ಹುಟ್ಟು ಸಂಖ್ಯೆಯ ಪರೀಕ್ಷೆ

ಇದಕ್ಕೆ ದೊಡ್ಡ ಉಪಕರಣ ಬೇಡ. ಆ್ಯಪ್‌ಗೆಲ್ಲ ಸೇರಿ ಒಂದು ಎಣಿಕೆ ಇಟ್ಟುಕೊಳ್ಳಿ. ಪ್ರತಿ ಪರದೆ ಹುಟ್ಟಿದಾಗಲೂ ಎಣಿಕೆಯನ್ನು ಒಂದು ಹೆಚ್ಚಿಸಿ, ಆ ಸಂಖ್ಯೆಯನ್ನು ಪರದೆಯ ಮೂಲೆಯಲ್ಲಿ ಚಿಕ್ಕದಾಗಿ ತೋರಿಸಿ. ಹುಟ್ಟಿದಾಗ ಒಂದು ಸಾಲು, ಸತ್ತಾಗ ಒಂದು ಸಾಲು ಲಾಗಿಗೆ, ಅಂದರೆ ಆ್ಯಪ್ ಬರೆದುಕೊಳ್ಳುವ ದಿನಚರಿಗೆ, ಬರೆಯಿರಿ. ಮುಂದೆ ಬರುವ ಫ್ಲಟರ್, ರಿಯಾಕ್ಟ್ ನೇಟಿವ್, ಕಂಪೋಸ್, ಫ್ರಾಗ್ಮೆಂಟ್ ಆ್ಯಪ್‌ನ ಪರದೆ ಕಟ್ಟುವ ಬೇರೆ ಬೇರೆ ಸಾಧನಗಳು; ಕೊನೆಯ ಎರಡು ಆಂಡ್ರಾಯ್ಡ್‌ನವು. ಫ್ಲಟರ್‌ನಲ್ಲಿ ಇದಕ್ಕೆ ಇನಿಟ್‌ಸ್ಟೇಟ್ ಮತ್ತು ಡಿಸ್ಪೋಸ್ ಸಾಕು. ರಿಯಾಕ್ಟ್ ನೇಟಿವ್‌ನಲ್ಲಿ ಖಾಲಿ ಅವಲಂಬನೆ ಪಟ್ಟಿಯ ಯೂಸ್‌ಎಫೆಕ್ಟ್ ಮತ್ತು ಅದು ಹಿಂದಿರುಗಿಸುವ ಸ್ವಚ್ಛತಾ ಫಂಕ್ಷನ್, ಕಂಪೋಸ್‌ನಲ್ಲಿ ಡಿಸ್ಪೋಸಬಲ್‌ಎಫೆಕ್ಟ್, ಫ್ರಾಗ್ಮೆಂಟ್‌ಗಳಲ್ಲಿ ಆನ್‌ಕ್ರಿಯೇಟ್ ಮತ್ತು ಆನ್‌ಡೆಸ್ಟ್ರಾಯ್ ಇದೇ ಕೆಲಸ ಮಾಡುತ್ತವೆ. ಫ್ರಾಗ್ಮೆಂಟ್ ಆದರೆ ಆನ್‌ಡೆಸ್ಟ್ರಾಯ್‌ವ್ಯೂಗೂ ಒಂದು ಸಾಲು ಹಾಕಿ. ಅಲ್ಲಿ ವಸ್ತು ಬದುಕಿದ್ದು ಅದರ ವ್ಯೂ ಮಾತ್ರ ಸಾಯುವ ನಡುಘಟ್ಟವೊಂದಿದೆ.

ಈಗ ಒಂದು ಟ್ಯಾಬಿನಲ್ಲಿ ಎರಡು ಪುಟ ಒಳಗೆ ಹೋಗಿ. ಪಟ್ಟಿಯನ್ನು ನಡುವಿನವರೆಗೆ ಸರಿಸಿ, ಇನ್‌ಪುಟ್ ಪೆಟ್ಟಿಗೆಯಿದ್ದರೆ ನಾಲ್ಕು ಅಕ್ಷರ ಬರೆಯಿರಿ. ಇನ್ನೊಂದು ಟ್ಯಾಬ್ ಒತ್ತಿ, ಅಲ್ಲಿ ಅರ್ಧ ನಿಮಿಷ ಇದ್ದು ಮರಳಿ. ಅವಸರ ಬೇಡ. ಆ ಅರ್ಧ ನಿಮಿಷದ ಮಹತ್ವ ಮುಂದೆ ಗೊತ್ತಾಗುತ್ತದೆ.

ಲಾಗ್ ಓದುವಾಗ ನೋಡಬೇಕಾದದ್ದು ಸಾವಿನ ಸಮಯ. ಟ್ಯಾಬ್ ಬಿಟ್ಟ ಕ್ಷಣದಲ್ಲೇ ಸಾವಿನ ಸಾಲು ಬಿದ್ದಿದ್ದರೆ ಟ್ಯಾಬ್‌ಗಳನ್ನು ಹಿಡಿದಿರುವ ಪಾತ್ರೆಯೇ ಪರದೆಯನ್ನು ಎಸೆಯುತ್ತಿದೆ. (ಫ್ರಾಗ್ಮೆಂಟ್ ಮತ್ತು ಕಂಪೋಸ್‌ನಲ್ಲಿ ಈ ಸಾವು ಸಹಜವೂ ಇರಬಹುದು, ಅದರ ವಿಚಾರ ಮುಂದೆ ಬರುತ್ತದೆ.) ಬಿಟ್ಟಾಗ ಏನೂ ಆಗದೆ ಮರಳಿದಾಗ ಹಳೆಯದು ಸತ್ತು ಹೊಸದು ಹುಟ್ಟಿದರೆ ಗುರುತಿನ ಕೀ ಅಥವಾ ಕಾಂಪೊನೆಂಟಿನ, ಅಂದರೆ ಪರದೆ ಕಟ್ಟುವ ತುಂಡಿನ, ವಿಧ ಬದಲಾಗಿದೆ. ಬಿಟ್ಟಾಗಲೂ ಅಲ್ಲ, ಮರಳಿದಾಗಲೂ ಅಲ್ಲ, ನೀವು ಇನ್ನೊಂದು ಟ್ಯಾಬಿನಲ್ಲಿ ಸುಮ್ಮನೆ ಕುಳಿತಿದ್ದಾಗ ಎಲ್ಲ ಟ್ಯಾಬ್‌ಗಳ ಸಾವೂ ಒಟ್ಟಿಗೆ ಲಾಗಿಗೆ ಬಂದಿದ್ದರೆ ಮೇಲಿನ ಹಂತದಲ್ಲಿ ಯಾರೋ ಪರದೆಗಳ ಇಡೀ ಮರವನ್ನು ಮತ್ತೆ ಕಟ್ಟಿದ್ದಾರೆ. ಸಾವೇ ಇಲ್ಲ, ಸಂಖ್ಯೆಯೂ ಅದೇ, ಆದರೆ ಕಾಣುವುದು ಟ್ಯಾಬಿನ ಮೊದಲ ಪುಟ ಎಂದಾದರೆ ಒಳಪುಟಗಳನ್ನು ಯಾವುದೋ ಆದೇಶ ಎತ್ತಿ ಹಾಕಿದೆ. ಸಂಖ್ಯೆ, ಪುಟ ಎರಡೂ ಸರಿಯಿದ್ದು ಸ್ಕ್ರಾಲ್ ಮಾತ್ರ ಮೇಲಕ್ಕೆ ಹೋಗಿದ್ದರೆ ಅದು ಬೇರೆಯೇ ಕಥೆ.

ಬಿಟ್ಟ ತಕ್ಷಣ ಸಾಯುವ ಪರದೆ

ಫ್ಲಟರ್‌ನಲ್ಲಿ ಇದು ಅತಿ ಸಾಮಾನ್ಯ. ಪರದೆಗಳ ಒಂದು ಪಟ್ಟಿ ಮಾಡಿ, ಆಯ್ಕೆಯಾದ ಕ್ರಮಸಂಖ್ಯೆಯದನ್ನು ಸ್ಕ್ಯಾಫೋಲ್ಡ್‌ನ ‘ಬಾಡಿ’ ಎಂಬ ಮುಖ್ಯ ಜಾಗಕ್ಕೆ ಕೊಡುವುದು ಎಷ್ಟೋ ಆರಂಭಿಕ ಪಾಠಗಳು ಕಲಿಸುವ ವಿಧಾನ. ಪಟ್ಟಿಯಲ್ಲಿರುವುದು ವಿಜೆಟ್‌ಗಳು, ಅಂದರೆ ನಕ್ಷೆಗಳು. ನಿಜವಾದ ಸ್ಥಿತಿ ಇರುವುದು ಮರದೊಳಗಿನ ಎಲಿಮೆಂಟ್‌ನಲ್ಲಿ. ಆ ಜಾಗಕ್ಕೆ ಬೇರೆ ವಿಧದ ವಿಜೆಟ್ ಬಂದ ಕೂಡಲೇ ಹಳೆಯ ಎಲಿಮೆಂಟ್ ಕಿತ್ತುಹೋಗುತ್ತದೆ, ಸ್ಥಿತಿಯೂ ಅದರೊಂದಿಗೆ ಹೋಗುತ್ತದೆ. ಪಟ್ಟಿಯನ್ನು ಎಷ್ಟೇ ಭದ್ರವಾಗಿ ಹಿಡಿದಿಟ್ಟರೂ ಉಪಯೋಗವಿಲ್ಲ.

ಇಲ್ಲೇ ಒಂದು ಮೋಜಿನ ತಿರುವಿದೆ. ಎರಡು ಟ್ಯಾಬ್‌ಗಳೂ ಒಂದೇ ಕ್ಲಾಸಿನವಾಗಿದ್ದು, ಅವು ತೋರಿಸುವ ವಿಭಾಗದ ಹೆಸರು ಮಾತ್ರ ಬೇರೆಯಿದ್ದು, ಕೀ ಕೊಟ್ಟಿಲ್ಲವಾದರೆ ಏನೂ ಸಾಯುವುದಿಲ್ಲ. ಬದಲಿಗೆ ಮೊದಲ ಟ್ಯಾಬಿನ ಸ್ಥಿತಿಯೇ ಎರಡನೆಯದಕ್ಕೆ ಬಂದು ಕೂರುತ್ತದೆ. ಇಲ್ಲಿ ಬರೆದ ಅಕ್ಷರ ಅಲ್ಲಿ ಕಾಣುತ್ತದೆ. ಇನಿಟ್‌ಸ್ಟೇಟ್ ಮತ್ತೆ ಓಡದ ಕಾರಣ ಎರಡನೆಯ ಟ್ಯಾಬ್ ಹಳೆಯ ಮಾಹಿತಿಯನ್ನೇ ತೋರಿಸುತ್ತದೆ. ಹುಟ್ಟು ಸಂಖ್ಯೆ ಎರಡೂ ಕಡೆ ಒಂದೇ ಬಂದರೆ ಇದೇ ದೋಷ ಎಂದು ತಿಳಿಯಿರಿ. ಎರಡಕ್ಕೂ ಬೇರೆ ಬೇರೆ ವ್ಯಾಲ್ಯೂಕೀ ಕೊಟ್ಟರೆ ಈ ಬೆರಕೆ ನಿಲ್ಲುತ್ತದೆ. ಆದರೆ ಆಗ ಪರದೆಗಳು ಸಾಯಲು ಶುರುವಾಗುತ್ತವೆ, ನಾವು ಮತ್ತೆ ಮೊದಲ ದೋಷಕ್ಕೆ ಬಂದು ನಿಲ್ಲುತ್ತೇವೆ.

ಮದ್ದು ಇಂಡೆಕ್ಸ್ಡ್‌ಸ್ಟ್ಯಾಕ್. ಎಲ್ಲ ಮಕ್ಕಳನ್ನೂ ಮರದಲ್ಲೇ ಇಟ್ಟುಕೊಂಡು ಒಂದನ್ನು ಮಾತ್ರ ತೋರಿಸುವ ವಿಜೆಟ್ ಇದು. ನಾನು ಮೊದಲ ಸಲ ಅಂಟಿಸಿದ್ದು ಇದನ್ನೇ. ಅದು ಎಲ್ಲ ಮಕ್ಕಳನ್ನೂ ಮೊದಲ ಚಿತ್ರಣದಲ್ಲೇ, ಅಂದರೆ ಪರದೆ ಮೊದಲ ಸಲ ಮೂಡುವಾಗಲೇ, ಕಟ್ಟುತ್ತದೆ ಎಂಬುದನ್ನು ಗಮನಿಸಿರಲಿಲ್ಲ. ನಾಲ್ಕು ಟ್ಯಾಬ್‌ಗಳಿದ್ದರೆ ಆ್ಯಪ್ ತೆರೆದ ಕ್ಷಣವೇ ನಾಲ್ಕು ಇನಿಟ್‌ಸ್ಟೇಟ್ ಓಡುತ್ತವೆ, ನಾಲ್ಕು ಕಡೆಯಿಂದ ಸರ್ವರ್‌ಗೆ ಕರೆ ಹೋಗುತ್ತದೆ. ಬಳಕೆದಾರ ಒಮ್ಮೆಯಾದರೂ ತೆರೆಯುವವರೆಗೆ ಆ ಜಾಗದಲ್ಲಿ ಖಾಲಿ ಪೆಟ್ಟಿಗೆ ಇಟ್ಟು, ತೆರೆದ ಮೇಲೆ ನಿಜವಾದ ಪರದೆ ಇಡುವುದು ಸುಲಭದ ಪರಿಹಾರ. ಯಾವ ಟ್ಯಾಬ್‌ಗೆ ಭೇಟಿಯಾಗಿದೆ ಎಂದು ನೆನಪಿಡಲು ಒಂದು ಸೆಟ್ ಸಾಕು. ಕ್ಯುಪರ್ಟಿನೊ‌ಟ್ಯಾಬ್‌ಸ್ಕ್ಯಾಫೋಲ್ಡ್ ಬಳಸುವವರಿಗೆ ಈ ತಾಪತ್ರಯವಿಲ್ಲ, ಅದು ತಾನಾಗಿಯೇ ಹೀಗೆ ನಡೆದುಕೊಳ್ಳುತ್ತದೆ.

ಇನ್ನೊಂದು ಸಾಮಾನ್ಯ ತಪ್ಪು ಆಟೊಮ್ಯಾಟಿಕ್‌ಕೀಪ್‌ಅಲೈವ್‌ಕ್ಲೈಂಟ್‌ಮಿಕ್ಸಿನ್ ಸೇರಿಸಿ ಕೈಕಟ್ಟಿ ಕೂರುವುದು. ಇಷ್ಟುದ್ದದ ಹೆಸರು ಬರೆದ ಮೇಲೆ ಕೆಲಸ ಆಗಲೇಬೇಕು ಅನಿಸುತ್ತದೆ, ನಿಜ. ಆದರೆ ಅದು ಮಾಡುವುದು ‘ನನ್ನನ್ನು ಉಳಿಸಿಕೊಳ್ಳಿ’ ಎಂಬ ಕೋರಿಕೆಯನ್ನು ಮೇಲಕ್ಕೆ ಕಳಿಸುವ ಕೆಲಸ ಮಾತ್ರ. ಮೇಲೆ ಪೇಜ್‌ವ್ಯೂ, ಟ್ಯಾಬ್‌ಬಾರ್‌ವ್ಯೂ ಅಥವಾ ಲಿಸ್ಟ್‌ವ್ಯೂ ಇದ್ದರೆ ಕೋರಿಕೆಯನ್ನು ಕೇಳುವವರಿರುತ್ತಾರೆ. ಬಾಡಿಯಲ್ಲಿ ನೇರವಾಗಿ ವಿಜೆಟ್ ಬದಲಿಸುವ ವಿಧಾನದಲ್ಲಿ ಕೇಳುವವರೇ ಇಲ್ಲ. ಪೇಜ್‌ವ್ಯೂ ಇದ್ದೂ ಕೆಲಸ ಮಾಡದಿದ್ದರೆ ವಾಂಟ್‌ಕೀಪ್‌ಅಲೈವ್ ನಿಜ ಎಂದು ಹೇಳುತ್ತಿದೆಯೇ, ಬಿಲ್ಡ್‌ನ ಒಳಗೆ ಸೂಪರ್ ಬಿಲ್ಡ್ ಕರೆಯಲಾಗಿದೆಯೇ ನೋಡಿ.

ರಿಯಾಕ್ಟ್ ನ್ಯಾವಿಗೇಶನ್‌ನ (ರಿಯಾಕ್ಟ್ ನೇಟಿವ್‌ನಲ್ಲಿ ಪುಟಗಳ ಓಡಾಟ ನೋಡಿಕೊಳ್ಳುವ ಲೈಬ್ರರಿಯ) ಕೆಳಟ್ಯಾಬ್‌ಗಳು ಮೂಲತಃ ಸ್ಥಿತಿಯನ್ನು ಉಳಿಸಿಕೊಳ್ಳುತ್ತವೆ. ಮೊದಲ ಭೇಟಿಯವರೆಗೆ ಕಟ್ಟುವುದಿಲ್ಲ, ಕಟ್ಟಿದ ಮೇಲೆ ಕೆಡವುವುದಿಲ್ಲ. ಆದ್ದರಿಂದ ಅಲ್ಲಿ ಬಿಟ್ಟ ತಕ್ಷಣ ಸಾವು ಕಂಡರೆ ಯಾರೋ ಬೇಕೆಂದೇ ಕೊಲ್ಲಿಸುತ್ತಿದ್ದಾರೆ. 6ನೇ ಆವೃತ್ತಿಯ ಕೋಡ್‌ನಲ್ಲಿ ಅನ್‌ಮೌಂಟ್‌ಆನ್‌ಬ್ಲರ್ ಎಂಬ ಆಯ್ಕೆಯನ್ನು ಹುಡುಕಿ. ಹಳೆಯ ಮಾಹಿತಿ ಕಾಣುತ್ತಿದೆ ಎಂಬ ಇನ್ನೊಂದು ದೂರಿಗೆ ಉತ್ತರವಾಗಿ ಯಾರೋ ಅದನ್ನು ಹಾಕಿರುತ್ತಾರೆ. 7ನೇ ಆವೃತ್ತಿಯಲ್ಲಿ ಆ ಆಯ್ಕೆಯನ್ನು ತೆಗೆದುಹಾಕಿ, ಟ್ಯಾಬ್ ಬಿಟ್ಟಾಗ ಒಳಪುಟಗಳನ್ನು ಮಾತ್ರ ಇಳಿಸುವ ಪಾಪ್‌ಟುಟಾಪ್‌ಆನ್‌ಬ್ಲರ್ ಕೊಟ್ಟಿದ್ದಾರೆ. ಅದು ಹುಟ್ಟು ಸಂಖ್ಯೆಯನ್ನು ಹಾಗೇ ಉಳಿಸಿ ಪುಟಗಳ ರಾಶಿಯನ್ನು ಮಾತ್ರ ಚೆಲ್ಲುತ್ತದೆ.

ಮರಳಿದಾಗ ಅಥವಾ ಸುಮ್ಮನಿದ್ದಾಗ ಸಾಯುವುದು

ನನ್ನ ಪಾಲಿಗೆ ಅತಿ ಹೆಚ್ಚು ಗಂಟೆಗಳನ್ನು ತಿಂದದ್ದು ಇದೇ. ಕಾರಣ ಯಾವಾಗಲೂ ಒಂದೇ ಜಾತಿಯದು: ಒಮ್ಮೆ ಮಾತ್ರ ಹುಟ್ಟಬೇಕಾದದ್ದು ಪ್ರತಿ ಚಿತ್ರಣದಲ್ಲೂ ಹುಟ್ಟುತ್ತಿರುತ್ತದೆ.

ರಿಯಾಕ್ಟ್‌ನಲ್ಲಿ ಇದರ ರೂಪ, ಸ್ಕ್ರೀನ್‌ಗೆ ಕಾಂಪೊನೆಂಟ್ ಕೊಡುವ ಜಾಗದಲ್ಲೇ ಬಾಣದ ಫಂಕ್ಷನ್ ಬರೆಯುವುದು, ಅಥವಾ ಒಂದು ಕಾಂಪೊನೆಂಟಿನ ಒಳಗೆ ಇನ್ನೊಂದನ್ನು ವ್ಯಾಖ್ಯಾನಿಸುವುದು. ಪ್ರತಿ ಚಿತ್ರಣದಲ್ಲೂ ಅದು ಹೊಸ ಫಂಕ್ಷನ್. ರಿಯಾಕ್ಟ್‌ನ ಕಣ್ಣಿಗೆ ಹೊಸ ಫಂಕ್ಷನ್ ಎಂದರೆ ಹೊಸ ವಿಧ, ಹೊಸ ವಿಧ ಎಂದರೆ ಹಳೆಯದನ್ನು ಕೆಡವಿ ಹೊಸದನ್ನು ಕಟ್ಟು. ಮೇಲಿನ ಕಾಂಪೊನೆಂಟ್ ಮತ್ತೆ ಚಿತ್ರಿತವಾಗದಿರುವವರೆಗೆ ಎಲ್ಲವೂ ಸರಿಯಿರುತ್ತದೆ. ಅಧಿಸೂಚನೆಗಳ ಸಂಖ್ಯೆಯ ಕೆಂಪು ಬಿಲ್ಲೆ ಬದಲಾದ ದಿನ ಎಲ್ಲ ಟ್ಯಾಬ್‌ಗಳೂ ಒಟ್ಟಿಗೆ ಸಾಯುತ್ತವೆ. ಪರೀಕ್ಷೆಯಲ್ಲಿ ಅರ್ಧ ನಿಮಿಷ ಕಾಯಲು ಹೇಳಿದ್ದು ಇದಕ್ಕೇ. ಬೆರಳು ಚುರುಕಾಗಿರುವ ಡೆವಲಪರ್ ಟ್ಯಾಬ್ ಬದಲಿಸಿ ಎರಡು ಸೆಕೆಂಡಿನಲ್ಲಿ ಮರಳಿ ‘ನನ್ನ ಫೋನಿನಲ್ಲಿ ಸರಿಯಿದೆ’ ಎನ್ನುತ್ತಾನೆ. ಬಳಕೆದಾರರು ಹಾಗೆ ಅವಸರದಲ್ಲಿ ಮರಳುವುದಿಲ್ಲ.

ಫ್ಲಟರ್‌ನಲ್ಲಿ ಇದೇ ದೋಷಕ್ಕೆ ಎರಡು ವೇಷ. ಒಂದು, ಬಿಲ್ಡ್ ಒಳಗೆ ಹುಟ್ಟುವ ಗ್ಲೋಬಲ್‌ಕೀ. ಪುಟಗಳ ರಾಶಿಯನ್ನು ಹಿಡಿದಿರುವ ನ್ಯಾವಿಗೇಟರ್‌ಗೆ ಕೊಟ್ಟ ಕೀ ಪ್ರತಿ ಸಲ ಹೊಸದಾದರೆ ಆ ನ್ಯಾವಿಗೇಟರ್ ಪ್ರತಿ ಸಲ ಹೊಸದು. ಇನ್ನೊಂದು, ವಿಳಾಸ ನೋಡಿ ಪುಟ ತೆರೆಯುವ ಗೋ-ರೌಟರ್ ಲೈಬ್ರರಿಯ ವಸ್ತುವನ್ನೇ ಬಿಲ್ಡ್ ಒಳಗೆ ಸೃಷ್ಟಿಸುವುದು, ಅಥವಾ ಲಾಗಿನ್ ಸ್ಥಿತಿಯನ್ನು ಗಮನಿಸುವ ಪ್ರೊವೈಡರ್ ಒಳಗೆ ಸೃಷ್ಟಿಸುವುದು. ಲಾಗಿನ್ನಿನ ಗುರುತಾದ ಟೋಕನ್ ನವೀಕರಣವಾದಾಗಲೆಲ್ಲ ಪ್ರೊವೈಡರ್ ಮತ್ತೆ ಓಡುತ್ತದೆ, ಹೊಸ ರೌಟರ್ ಹುಟ್ಟುತ್ತದೆ, ಹೊಸ ರೌಟರ್ ಆರಂಭಿಕ ವಿಳಾಸಕ್ಕೆ ಹೋಗಿ ನಿಲ್ಲುತ್ತದೆ. ಬಳಕೆದಾರರ ದೃಷ್ಟಿಯಲ್ಲಿ ಆ್ಯಪ್ ‘ಆಗಾಗ ತಾನಾಗಿಯೇ ಮುಖಪುಟಕ್ಕೆ ಹೋಗುತ್ತದೆ.’ ರೌಟರ್ ಒಮ್ಮೆ ಮಾತ್ರ ಹುಟ್ಟಲಿ. ಲಾಗಿನ್ ಬದಲಾವಣೆಯನ್ನು ಅದಕ್ಕೆ ರಿಫ್ರೆಶ್‌ಲಿಸನಬಲ್ ಮೂಲಕ ತಿಳಿಸಿ.

ಸ್ವಿಫ್ಟ್‌ಯುಐ (ಐಫೋನ್ ಆ್ಯಪ್‌ಗಳ ಪರದೆ ಕಟ್ಟುವ ಸಾಧನ) ಬರೆಯುವವರು ವ್ಯೂನ ಗುರುತು ಹೇಳುವ ಐಡಿ ಮಾರ್ಪಾಡಿಗೆ ಪ್ರತಿ ಸಲ ಹೊಸ ಯುಯುಐಡಿ, ಅಂದರೆ ಹೊಸ ಗುರುತುಸಂಖ್ಯೆ, ಕೊಟ್ಟಿದ್ದಾರೆಯೇ ನೋಡಿಕೊಳ್ಳಲಿ. ‘ಪರದೆ ನವೀಕರಣವಾಗುತ್ತಿಲ್ಲ’ ಎಂಬ ಕಷ್ಟಕ್ಕೆ ಇದನ್ನು ಮದ್ದಾಗಿ ಬಳಸುವುದುಂಟು. ನವೀಕರಣವೇನೋ ಆಗುತ್ತದೆ, ಹಳೆಯ ವ್ಯೂ ಸತ್ತಿರುತ್ತದೆ.

ಪರದೆ ಇದೆ, ರಾಶಿ ಇಲ್ಲ

ಹುಟ್ಟು ಸಂಖ್ಯೆ ಬದಲಾಗದೆ ಒಳಪುಟಗಳು ಮಾತ್ರ ಕಾಣೆಯಾಗಿದ್ದರೆ ಆ್ಯಪ್‌ನ ನಕ್ಷೆಯನ್ನು ಒಂದು ಹಾಳೆಯ ಮೇಲೆ ಬಿಡಿಸಿ. ಕೇಳಬೇಕಾದ ಪ್ರಶ್ನೆ: ಬ್ಯಾಕ್‌ಸ್ಟ್ಯಾಕ್ ಎಷ್ಟಿವೆ? ಪ್ರತಿ ಟ್ಯಾಬ್‌ಗೆ ಒಂದರಂತೆ ಇದ್ದರೆ ಮಾತ್ರ ಪ್ರತಿ ಟ್ಯಾಬ್ ತನ್ನ ಜಾಗವನ್ನು ನೆನಪಿಡಬಲ್ಲದು. ಇಡೀ ಆ್ಯಪ್‌ಗೆ ಒಂದೇ ಇದ್ದರೆ ಒಳಪುಟ ತೆರೆದಾಗ ಕೆಳಗಿನ ಟ್ಯಾಬ್ ಪಟ್ಟಿಯೇ ಮುಚ್ಚಿಹೋಗುವುದು, ಇಲ್ಲವೇ ಒಂದು ಟ್ಯಾಬಿನ ಪುಟದ ಮೇಲೆ ಇನ್ನೊಂದರ ಪುಟ ಕೂರುವುದು ಸಹಜ. ಐಒಎಸ್‌ನಲ್ಲಿ ಮೊದಲಿನಿಂದಲೂ ಟ್ಯಾಬ್ ಕಂಟ್ರೋಲರ್ ಹೊರಗೆ, ಪ್ರತಿ ಟ್ಯಾಬ್‌ಗೂ ಒಂದು ನ್ಯಾವಿಗೇಶನ್ ಕಂಟ್ರೋಲರ್ ಒಳಗೆ ಎಂಬ ಕ್ರಮವಿದೆ. ಸ್ವಿಫ್ಟ್‌ಯುಐನಲ್ಲೂ ಕ್ರಮ ಇದೇ: ಟ್ಯಾಬ್‌ವ್ಯೂ ಹೊರಗೆ, ಪ್ರತಿ ಟ್ಯಾಬ್‌ಗೂ ತನ್ನದೇ ನ್ಯಾವಿಗೇಶನ್‌ಸ್ಟ್ಯಾಕ್ ಒಳಗೆ. ಇದನ್ನು ತಿರುವುಮುರುವು ಮಾಡಿ, ಒಂದು ನ್ಯಾವಿಗೇಶನ್‌ಸ್ಟ್ಯಾಕ್ ಒಳಗೆ ಟ್ಯಾಬ್‌ವ್ಯೂ ಇಟ್ಟ ಕೋಡ್‌ ನನ್ನ ಕೈಗೆ ಹಲವು ಸಲ ಬಂದಿದೆ. ನ್ಯಾವಿಗೇಶನ್‌ಸ್ಟ್ಯಾಕ್ ಬಂದದ್ದು 2022ರಲ್ಲಿ, ಐಒಎಸ್ 16ರೊಂದಿಗೆ. ಅದಕ್ಕೂ ಹಳೆಯ ನ್ಯಾವಿಗೇಶನ್‌ವ್ಯೂ ಇದ್ದರೆ ಮೊದಲು ಅದನ್ನು ಬದಲಿಸಿ, ಆಮೇಲೆ ದೋಷ ಹುಡುಕಿ.

ಗೋ-ರೌಟರ್‌ನಲ್ಲಿ ಗೊಂದಲ ಹುಟ್ಟಿಸುವುದು ಹೆಸರುಗಳು. ಶೆಲ್‌ರೌಟ್ ಎಂಬುದು ಸುತ್ತಲಿನ ಚೌಕಟ್ಟನ್ನು ಉಳಿಸಿಕೊಂಡರೂ ಒಳಗೆ ಒಂದೇ ನ್ಯಾವಿಗೇಟರ್ ಇಡುತ್ತದೆ. ಕೆಳಪಟ್ಟಿ ಅಲುಗಾಡದೆ ನಿಂತಿರುವುದನ್ನು ನೋಡಿ ಸ್ಥಿತಿಯೂ ಉಳಿದಿದೆ ಎಂದುಕೊಳ್ಳುತ್ತೇವೆ. ಬೇಕಾದದ್ದು 7.1ನೇ ಆವೃತ್ತಿಯಲ್ಲಿ ಬಂದ ಸ್ಟೇಟ್‌ಫುಲ್‌ಶೆಲ್‌ರೌಟ್. ಅದು ಪ್ರತಿ ಶಾಖೆಗೂ ಬೇರೆ ನ್ಯಾವಿಗೇಟರ್ ಕೊಡುತ್ತದೆ. ಅದನ್ನು ಹಾಕಿಯೂ ರಾಶಿ ಚೆಲ್ಲುತ್ತಿದ್ದರೆ ಟ್ಯಾಬ್ ಒತ್ತಿದಾಗ ಏನು ಕರೆಯುತ್ತಿದ್ದೀರಿ ನೋಡಿ. ವಿಳಾಸ ಕೊಟ್ಟು ‘ಗೋ’ ಎಂದರೆ ಅದು ಆ ವಿಳಾಸಕ್ಕೇ, ಅಂದರೆ ಮೊದಲ ಪುಟಕ್ಕೇ, ಹೋಗುತ್ತದೆ. ಹೇಳಿದ್ದನ್ನೇ ಮಾಡಿದೆ, ಬೈಯುವಂತಿಲ್ಲ. ಶಾಖೆಯ ಕೊನೆಯ ಜಾಗ ಬೇಕಿದ್ದರೆ ಗೋಬ್ರಾಂಚ್ ಕರೆಯಬೇಕು.

ಆಂಡ್ರಾಯ್ಡ್‌ನ ವಿಚಾರಕ್ಕೆ ಬಂದರೆ ಮೊದಲು ಆವೃತ್ತಿ ನೋಡಿ. ಅಲ್ಲಿ ಪುಟಗಳ ಓಡಾಟ ನೋಡಿಕೊಳ್ಳುವ ಜೆಟ್‌ಪ್ಯಾಕ್ ನ್ಯಾವಿಗೇಶನ್ ಲೈಬ್ರರಿ ಹಲವು ಬ್ಯಾಕ್‌ಸ್ಟ್ಯಾಕ್‌ಗಳನ್ನು ತಾನೇ ನಿಭಾಯಿಸಲು ಕಲಿತದ್ದು 2.4ರಲ್ಲಿ; ಅದರ ಸ್ಥಿರ ಆವೃತ್ತಿ ಬಂದದ್ದು 2022ರ ಜನವರಿಯಲ್ಲಿ. ಅದಕ್ಕೂ ಹಿಂದಿನ ಯೋಜನೆಗಳಲ್ಲಿ ಮಾದರಿ ಕೋಡ್‌ನಿಂದ ನಕಲು ಮಾಡಿದ, ಪ್ರತಿ ಟ್ಯಾಬ್‌ಗೂ ಬೇರೆ ನ್ಯಾವ್‌ಹೋಸ್ಟ್ ಕಟ್ಟುವ ದೊಡ್ಡ ಫೈಲೊಂದು ಇನ್ನೂ ಕುಳಿತಿರುತ್ತದೆ. ಹೊಸ ಆವೃತ್ತಿಗೆ ಹೋದವರು ಅದನ್ನು ತೆಗೆಯುವುದನ್ನೂ ಮರೆಯಬಾರದು.

2.4 ಅಥವಾ ಮೇಲಿನದ್ದಿದ್ದೂ ಫ್ರಾಗ್ಮೆಂಟ್ ಆ್ಯಪ್‌ನಲ್ಲಿ ಸ್ಥಿತಿ ಉಳಿಯದಿದ್ದರೆ ಎರಡು ಜಾಗ ನೋಡಿ. ಕೆಳಪಟ್ಟಿಯ ಮೆನುವಿನಲ್ಲಿರುವ ಐಡಿಯೂ ಆ ಟ್ಯಾಬಿನ ಒಳಗ್ರಾಫ್‌ನ (ಪುಟಗಳ ನಕ್ಷೆಯ) ಐಡಿಯೂ ಅಕ್ಷರಶಃ ಒಂದೇ ಇರಬೇಕು. ಹೊಂದದಿದ್ದರೆ ಟ್ಯಾಬ್ ಒತ್ತಿದರೂ ಪರದೆ ಕದಲುವುದಿಲ್ಲ. ಆಗ ಯಾರೋ ಬೇಸತ್ತು ಆಯ್ಕೆಯ ಲಿಸನರ್, ಅಂದರೆ ಟ್ಯಾಬ್ ಒತ್ತಿದಾಗ ಓಡುವ ಕೋಡ್, ಬರೆದು, ಒಳಗೆ ಕೈಯಾರೆ ನ್ಯಾವಿಗೇಟ್ ಕರೆದಿರುತ್ತಾರೆ. ಎರಡನೆಯ ಜಾಗ ಅದೇ ಲಿಸನರ್. ಕೆಳಪಟ್ಟಿಗೆ ಆಯ್ಕೆಯ ಲಿಸನರ್ ಒಂದೇ ಇರಲು ಸಾಧ್ಯ. ನೀವು ಬರೆದದ್ದು ಜೆಟ್‌ಪ್ಯಾಕ್‌ನ ನ್ಯಾವಿಗೇಶನ್‌ಯುಐ ಸದ್ದಿಲ್ಲದೆ ಹಾಕಿದ್ದನ್ನು ತಳ್ಳಿಹಾಕುತ್ತದೆ, ಅದರ ಜತೆ ಉಳಿಸಿ ಮರಳಿಸುವ ವ್ಯವಸ್ಥೆಯೂ ಹೋಗುತ್ತದೆ. ಅಂಕಿಅಂಶ ಕಳಿಸಲೆಂದು ಮೂರು ಸಾಲಿನ ಲಿಸನರ್ ಸೇರಿಸಿ ನಾನೇ ಹೀಗೆ ಕೆಡಿಸಿದ್ದೇನೆ. ಲಿಸನರ್ ಬೇಕೇ ಬೇಕಿದ್ದರೆ ಅದರೊಳಗಿಂದ ಆನ್‌ನ್ಯಾವ್‌ಡೆಸ್ಟಿನೇಶನ್‌ಸೆಲೆಕ್ಟೆಡ್ ಕರೆಯಿರಿ.

ಕಂಪೋಸ್‌ನಲ್ಲಿ ಮೂರು ಸಂಗತಿ ಒಟ್ಟಿಗೆ ಇರಬೇಕು: ಪಾಪ್‌ಅಪ್‌ಟು ಒಳಗೆ ಸೇವ್‌ಸ್ಟೇಟ್, ಹೊರಗೆ ಲಾಂಚ್‌ಸಿಂಗಲ್‌ಟಾಪ್ ಮತ್ತು ರಿಸ್ಟೋರ್‌ಸ್ಟೇಟ್. ಸೇವ್ ಇದ್ದು ರಿಸ್ಟೋರ್ ಇಲ್ಲದಿದ್ದರೆ ಗಂಟು ಕಟ್ಟಿ ಅಟ್ಟಕ್ಕೆ ಹಾಕಿದ ಹಾಗೆ. ವಸ್ತು ಭದ್ರ, ಕೈಗೆ ಸಿಗದು. ಮೂರೂ ಇದ್ದು ಕೆಲಸ ಮಾಡದಿದ್ದರೆ ಲಾಗಿನಲ್ಲಿ ‘ಪಾಪ್‌ಬ್ಯಾಕ್‌ಸ್ಟ್ಯಾಕ್ ಅನ್ನು ಕಡೆಗಣಿಸಲಾಗಿದೆ, ಆ ತಾಣ ಈಗಿನ ರಾಶಿಯಲ್ಲಿಲ್ಲ’ ಎಂಬ ಅರ್ಥದ ಸಾಲನ್ನು ಹುಡುಕಿ. ಅದು ಸಿಕ್ಕರೆ ಕಾರಣ ಬಹುತೇಕ ಲಾಗಿನ್ ಪುಟ. ಗ್ರಾಫ್‌ನ ಆರಂಭ ತಾಣವಾಗಿ ಲಾಗಿನ್ ಇಟ್ಟು, ಲಾಗಿನ್ ಆದ ಮೇಲೆ ಅದನ್ನು ರಾಶಿಯಿಂದ ತೆಗೆದಿರುತ್ತೀರಿ. ಆಮೇಲೆ ಪ್ರತಿ ಟ್ಯಾಬ್ ಒತ್ತಿದಾಗಲೂ ‘ಆರಂಭ ತಾಣದವರೆಗೆ ಇಳಿಸಿ ಉಳಿಸು’ ಎನ್ನುತ್ತೀರಿ. ಇಲ್ಲದ ತಾಣದವರೆಗೆ ಇಳಿಸುವುದು ಹೇಗೆ? ಏನೂ ಉಳಿಯುವುದಿಲ್ಲ, ಟ್ಯಾಬ್ ಒತ್ತಿದಷ್ಟೂ ಪುಟಗಳು ಒಂದರ ಮೇಲೊಂದು ಪೇರುತ್ತವೆ, ಬ್ಯಾಕ್ ಬಟನ್ ಒತ್ತಿದವರು ಓಡಾಡಿದ ದಾರಿಯನ್ನೆಲ್ಲ ಹಿಮ್ಮುಖವಾಗಿ ನಡೆಯುತ್ತಾರೆ. ಮುಖಪುಟವನ್ನೇ ಆರಂಭ ತಾಣ ಮಾಡಿ, ಲಾಗಿನ್ ಬೇಕಾದಾಗ ಅದರ ಮೇಲೆ ತೆರೆಯಿರಿ.

ಸ್ಕ್ರಾಲ್ ಮತ್ತು ಅರ್ಧ ಬರೆದ ಅಕ್ಷರ

ಪುಟ ಸರಿಯಾಗಿ ಮರಳಿ ಒಳಗಿನದ್ದು ಮಾತ್ರ ಹೋಗಿದ್ದರೆ, ಆ ಚಿಕ್ಕ ಸ್ಥಿತಿ ಎಲ್ಲಿ ಕುಳಿತಿತ್ತು ಎಂದು ನೋಡಬೇಕು. ಕಂಪೋಸ್‌ನಲ್ಲಿ ರಿಮೆಂಬರ್ ಎಂಬುದು ಪರದೆ ಚಿತ್ರಣದಲ್ಲಿ ಇರುವಷ್ಟು ಹೊತ್ತು ಮಾತ್ರ. ರಿಮೆಂಬರ್‌ಸೇವಬಲ್ ಟ್ಯಾಬ್ ಬದಲಾದರೂ ಉಳಿಯುತ್ತದೆ. ಫ್ರಾಗ್ಮೆಂಟ್‌ಗಳಲ್ಲಿ ರಾಶಿಯನ್ನು ಉಳಿಸಿಟ್ಟಾಗ ಹಳೆಯ ವಸ್ತು ಹೋಗಿ, ಅದರ ಸ್ಥಿತಿಯ ಗಂಟಾದ ಬಂಡಲ್ ಮತ್ತು ಪರದೆಯ ಮಾಹಿತಿ ಹಿಡಿದಿರುವ ವ್ಯೂಮಾಡೆಲ್ ಮಾತ್ರ ಉಳಿಯುತ್ತವೆ. ಕ್ಲಾಸಿನಲ್ಲಿ ಸುಮ್ಮನೆ ಬರೆದಿಟ್ಟ ವೇರಿಯಬಲ್ ಉಳಿಯುವುದಿಲ್ಲ. ಐಡಿ ಇಲ್ಲದ ಎಡಿಟ್‌ಟೆಕ್ಸ್ಟ್ (ಅಕ್ಷರ ಬರೆಯುವ ಪೆಟ್ಟಿಗೆ) ತನ್ನ ಅಕ್ಷರಗಳನ್ನು ಉಳಿಸುವುದಿಲ್ಲ ಎಂಬ ಹಳೆಯ ನಿಯಮ ಇನ್ನೂ ಜಾರಿಯಲ್ಲಿದೆ. ಅದಕ್ಕೊಂದು ಹೆಸರು ಕೊಟ್ಟರೆ ಕೆಲಸ ಮುಗಿಯಿತು.

ಸ್ಕ್ರಾಲ್‌ನ ದೋಷ ಇದಕ್ಕಿಂತ ಕುತೂಹಲದ್ದು. ಉಳಿಸುವ ವ್ಯವಸ್ಥೆ ಸರಿಯಾಗಿದ್ದೂ ಜಾಗ ತಪ್ಪುತ್ತದೆ. ಯಾಕೆಂದರೆ ಪಟ್ಟಿ ಮರಳಿ ಹುಟ್ಟಿದಾಗ ಮಾಹಿತಿ ಇನ್ನೂ ಬಂದಿರುವುದಿಲ್ಲ. ‘40ನೇ ಸಾಲಿಗೆ ಹೋಗು’ ಎಂಬ ನೆನಪು ಇದೆ, ಪಟ್ಟಿಯಲ್ಲಿ ಸೊನ್ನೆ ಸಾಲು. ಹೋಗಲು ಜಾಗವಿಲ್ಲದೆ ಅದು ಮೇಲೆಯೇ ನಿಲ್ಲುತ್ತದೆ, ನೆನಪು ಅಲ್ಲಿಗೆ ಖರ್ಚಾಗುತ್ತದೆ. ಒಂದು ಸೆಕೆಂಡಿನ ನಂತರ ಸಾಲುಗಳು ಬಂದಾಗ ಹೇಳುವವರೇ ಇಲ್ಲ. ಆಂಡ್ರಾಯ್ಡ್‌ನಲ್ಲಿ ಪಟ್ಟಿ ತೋರಿಸುವ ರಿಸೈಕ್ಲರ್‌ವ್ಯೂ 1.2ರಲ್ಲಿ ಇದಕ್ಕೆಂದೇ ಒಂದು ನೀತಿ ಬಂತು: ಪಟ್ಟಿ ಖಾಲಿಯಿರುವಾಗ ಸ್ಥಿತಿ ಮರಳಿಸಬೇಡ ಎಂದು ಅಡಾಪ್ಟರ್‌ಗೆ ಹೇಳಬಹುದು. ಉಳಿದ ಕಡೆ ನಾನು ಮಾಡುವುದು ಸರಳ. ಮಾಹಿತಿ ಬರುವವರೆಗೆ ಖಾಲಿ ಪಟ್ಟಿಯನ್ನು ಕಟ್ಟುವುದೇ ಇಲ್ಲ, ಆ ಜಾಗದಲ್ಲಿ ತಿರುಗುವ ಚಕ್ರ ತೋರಿಸುತ್ತೇನೆ. ಫ್ಲಟರ್‌ನಲ್ಲಿ ಪೇಜ್‌ಸ್ಟೋರೇಜ್‌ಕೀ ಕೊಟ್ಟ ಪಟ್ಟಿ ಆಗ ತಾನಾಗಿ ಸರಿಯಾದ ಜಾಗಕ್ಕೆ ಬಂದು ನಿಲ್ಲುತ್ತದೆ. ಎರಡು ಟ್ಯಾಬ್‌ಗಳ ಪಟ್ಟಿಗೆ ಒಂದೇ ಕೀ ಕೊಟ್ಟು ಎರಡೂ ಒಟ್ಟಿಗೆ ಸರಿಯುವುದನ್ನು ನೋಡಿ ಬೆರಗಾಗಬೇಡಿ, ಅಷ್ಟೇ.

ಉಳಿಯಿತು, ಈಗ ಅತಿಯಾಯಿತು

ಸ್ಥಿತಿ ಉಳಿದ ಮರುದಿನದಿಂದ ಬರುವ ದೂರುಗಳೇ ಬೇರೆ. ಮೊದಲನೆಯದು ಬ್ಯಾಕ್ ಬಟನ್. ಫ್ಲಟರ್‌ನಲ್ಲಿ ಕೈಯಾರೆ ಒಳನ್ಯಾವಿಗೇಟರ್‌ಗಳನ್ನು ಕಟ್ಟಿದವರಿಗೆ ಬ್ಯಾಕ್ ಒತ್ತಿದ ಸುದ್ದಿ ಹೊರಗಿನ ನ್ಯಾವಿಗೇಟರ್‌ಗೆ ಮಾತ್ರ ಹೋಗುತ್ತದೆ. ಅದರ ಬಳಿ ಇಳಿಸಲು ಪುಟವಿಲ್ಲ, ಆ್ಯಪ್ ಮುಚ್ಚುತ್ತದೆ. ಪಾಪ್‌ಸ್ಕೋಪ್ ಅಥವಾ ನ್ಯಾವಿಗೇಟರ್‌ಪಾಪ್‌ಹ್ಯಾಂಡ್ಲರ್ ಬಳಸಿ ಸುದ್ದಿಯನ್ನು ಈಗ ಕಾಣುತ್ತಿರುವ ಟ್ಯಾಬಿನ ನ್ಯಾವಿಗೇಟರ್‌ಗೆ ದಾಟಿಸಬೇಕು. ಹಳೆಯ ವಿಲ್‌ಪಾಪ್‌ಸ್ಕೋಪ್ ಇದ್ದರೆ ತೆಗೆಯಿರಿ. ಆಂಡ್ರಾಯ್ಡ್‌ನ ಮುನ್ನೋಟ ತೋರಿಸುವ ಹಿಂಚಲನೆಯೊಂದಿಗೆ (ಪ್ರೆಡಿಕ್ಟಿವ್ ಬ್ಯಾಕ್) ಅದು ಹೊಂದುವುದಿಲ್ಲ.

ಎರಡನೆಯದು ಕಾಣದ ಪರದೆಯ ದುಡಿಮೆ. ಉಳಿಸಿಟ್ಟ ಪರದೆಯಲ್ಲಿ ಟೈಮರ್ ನಿಲ್ಲುವುದಿಲ್ಲ, ವೀಡಿಯೊ ನಿಲ್ಲುವುದಿಲ್ಲ. ರಿಯಾಕ್ಟ್ ನ್ಯಾವಿಗೇಶನ್‌ನಲ್ಲಿ ಇವನ್ನು ಯೂಸ್‌ಫೋಕಸ್‌ಎಫೆಕ್ಟ್ ಒಳಗೆ ಇಡಿ. ಹಳೆಯ ಮಾಹಿತಿಯ ದೂರಿಗೂ ಉತ್ತರ ಅಲ್ಲೇ ಇದೆ: ಪರದೆ ಕಣ್ಣಿಗೆ ಬಿದ್ದಾಗ ಮಾಹಿತಿಯನ್ನು ಹೊಸದು ಮಾಡಿ, ಜಾಗವನ್ನು ಮುಟ್ಟಬೇಡಿ.

ಮೂರನೆಯದು ದೂರಾಗಿ ಬರುವ ಮೊದಲೇ ನೀವು ಹಿಡಿಯಬೇಕಾದದ್ದು, ಅಂದರೆ ಲಾಗ್‌ಔಟ್. ಒಬ್ಬರು ಹೊರಹೋಗಿ ಅದೇ ಫೋನಿನಲ್ಲಿ ಇನ್ನೊಬ್ಬರು ಒಳಬಂದಾಗ, ಭದ್ರವಾಗಿ ಉಳಿಸಿಟ್ಟ ಟ್ಯಾಬಿನಲ್ಲಿ ಹಿಂದಿನವರ ವಿಳಾಸ ಪುಟ ತೆರೆದೇ ಇರುತ್ತದೆ. ಇದನ್ನು ಖಾಸಗಿತನದ ಸೋರಿಕೆ ಎಂದೇ ದಾಖಲಿಸಿ, ಆದ್ಯತೆಯನ್ನೂ ಹಾಗೇ ಕೊಡಿ. ಟ್ಯಾಬ್‌ಗಳ ಚೌಕಟ್ಟಿಗೆ ಬಳಕೆದಾರರ ಐಡಿಯನ್ನೇ ಕೀ ಆಗಿ ಕೊಟ್ಟರೆ ಐಡಿ ಬದಲಾದೊಡನೆ ಎಲ್ಲವೂ ಸಾಯುತ್ತದೆ. ಇಲ್ಲಿ ಅದೇ ಬೇಕಾದದ್ದು. ಜೆಟ್‌ಪ್ಯಾಕ್ ನ್ಯಾವಿಗೇಶನ್‌ನಲ್ಲಿ ಉಳಿಸಿಟ್ಟ ರಾಶಿಗಳನ್ನು ಕ್ಲಿಯರ್‌ಬ್ಯಾಕ್‌ಸ್ಟ್ಯಾಕ್ ಮೂಲಕ ಅಳಿಸಿ.

ಈಗಾಗಲೇ ಆಯ್ಕೆಯಾಗಿರುವ ಟ್ಯಾಬನ್ನೇ ಮತ್ತೊಮ್ಮೆ ಒತ್ತಿದರೆ? ಐಒಎಸ್‌ನಲ್ಲಿ ಅದು ಮೊದಲ ಪುಟಕ್ಕೆ ಮರಳಿಸುತ್ತದೆ, ಬಳಕೆದಾರರೂ ಅದನ್ನೇ ನಿರೀಕ್ಷಿಸುತ್ತಾರೆ. ಗೋಬ್ರಾಂಚ್‌ನಲ್ಲಿ ಇದಕ್ಕೆ ಇನಿಶಿಯಲ್‌ಲೊಕೇಶನ್ ಇದೆ. ಪರೀಕ್ಷಕರು ಇದನ್ನು ‘ಸ್ಥಿತಿ ಕಳೆದುಹೋಯಿತು’ ಎಂದು ದಾಖಲಿಸಿದರೆ ವಿನಯದಿಂದ ಮುಚ್ಚಿ. ಆದರೆ ಮೊದಲು ಅವರು ಒತ್ತಿದ್ದು ಎರಡು ಸಲವೇ ಎಂದು ಕೇಳಿ. ನಡುಗುವ ಬೆರಳಿಗೆ ಎರಡು ಒತ್ತು ಸುಲಭವಾಗಿ ಬೀಳುತ್ತದೆ.

ಇಡೀ ಆ್ಯಪ್ ಸತ್ತಾಗ

ಇಷ್ಟೆಲ್ಲ ಸರಿಪಡಿಸಿದ ಮೇಲೂ ಕೆಲವರಿಗೆ ಮಾತ್ರ, ಅದೂ ಕ್ಯಾಮೆರಾ ಬಳಸಿ ಮರಳಿದಾಗ ಹೀಗಾಗುತ್ತದೆ ಎಂದು ದೂರು ಬಂದರೆ ಅದು ನಾಲ್ಕನೆಯ ನಷ್ಟ. ಮೆಮೊರಿ ಕಡಿಮೆಯಾಗಿ ಆಂಡ್ರಾಯ್ಡ್ ನಿಮ್ಮ ಪ್ರಕ್ರಿಯೆಯನ್ನು ಕೊಂದಿದೆ. ಹುಟ್ಟು ಸಂಖ್ಯೆ ಮತ್ತೆ 1ರಿಂದ ಶುರುವಾಗಿರುವುದೇ ಇದರ ಗುರುತು. ನಿಮ್ಮ ಮೇಜಿನ ಮೇಲಿನ ದುಬಾರಿ ಫೋನಿನಲ್ಲಿ ಇದು ಕಾಣುವುದು ಕಷ್ಟ, ಆದ್ದರಿಂದ ಬೇಕೆಂದೇ ಮಾಡಬೇಕು. ಆ್ಯಪ್ ಅನ್ನು ಹಿನ್ನೆಲೆಗೆ ಕಳಿಸಿ, ಕಂಪ್ಯೂಟರಿನಿಂದ ಫೋನಿಗೆ ಆದೇಶ ಕೊಡುವ ಎಡಿಬಿ ಶೆಲ್‌ನಿಂದ ‘ಎಎಮ್ ಕಿಲ್’ ಆದೇಶವನ್ನು ಪ್ಯಾಕೇಜಿನ ಹೆಸರಿನೊಂದಿಗೆ ಕೊಟ್ಟು, ಇತ್ತೀಚಿನ ಆ್ಯಪ್‌ಗಳ ಪಟ್ಟಿಯಿಂದ ಮರಳಿ ತೆರೆಯಿರಿ. ಡೆವಲಪರ್ ಆಯ್ಕೆಗಳಲ್ಲಿರುವ, ಚಟುವಟಿಕೆಗಳನ್ನು ಇಟ್ಟುಕೊಳ್ಳಬೇಡ ಎಂಬ ಗುಂಡಿ ಇದಕ್ಕೆ ಸಮನಲ್ಲ. ಅದು ಆಕ್ಟಿವಿಟಿಯನ್ನು ಕೊಲ್ಲುತ್ತದೆ, ಪ್ರಕ್ರಿಯೆಯನ್ನಲ್ಲ. ನಿಮ್ಮ ಸ್ಟ್ಯಾಟಿಕ್ ವೇರಿಯಬಲ್‌ಗಳು ಬದುಕಿದ್ದು ಎಲ್ಲ ಸರಿಯಿದೆ ಎಂಬ ಭ್ರಮೆ ಹುಟ್ಟಿಸುತ್ತವೆ.

ಇಂಡೆಕ್ಸ್ಡ್‌ಸ್ಟ್ಯಾಕ್ ಇಲ್ಲಿ ಯಾವ ಸಹಾಯಕ್ಕೂ ಬರುವುದಿಲ್ಲ. ಫ್ಲಟರ್‌ನಲ್ಲಿ ರೆಸ್ಟೋರೇಶನ್‌ಸ್ಕೋಪ್‌ಐಡಿಗಳನ್ನು ಕೊಟ್ಟು ಉಳಿಸಬೇಕಾದದ್ದನ್ನು ಹೇಳಬೇಕು. ಆಂಡ್ರಾಯ್ಡ್‌ನಲ್ಲಿ ಸೇವ್ಡ್‌ಸ್ಟೇಟ್‌ಹ್ಯಾಂಡಲ್ ಇದೆ, ಏಕೆಂದರೆ ವ್ಯೂಮಾಡೆಲ್ ಪ್ರಕ್ರಿಯೆಯೊಂದಿಗೇ ಸಾಯುತ್ತದೆ. ಉಳಿಸುವುದು ಐಡಿಗಳನ್ನು, ಹುಡುಕಿದ ಪದವನ್ನು, ಜಾಗದ ಸಂಖ್ಯೆಯನ್ನು ಮಾತ್ರ. ಸರ್ವರ್‌ನಿಂದ ಬಂದ ಇಡೀ ಪಟ್ಟಿಯನ್ನು ಬಂಡಲ್‌ಗೆ ತುರುಕಿದರೆ ಪ್ರಕ್ರಿಯೆಗಳ ನಡುವೆ ಮಾಹಿತಿ ಸಾಗಿಸುವ ಬೈಂಡರ್‌ನ 1 ಎಂಬಿ ಮಿತಿಗೆ ತಗುಲುತ್ತದೆ, ಆ ಮಿತಿ ಪ್ರಕ್ರಿಯೆಯ ಎಲ್ಲ ವಹಿವಾಟಿಗೂ ಸೇರಿ ಇರುವುದು. ನಾಲ್ಕು ಟ್ಯಾಬ್‌ಗಳ ನಾಲ್ಕು ಪಟ್ಟಿ ಎಂದರೆ, ಟ್ರಾನ್ಸಾಕ್ಷನ್‌ಟೂಲಾರ್ಜ್ ಎಂಬ ಹೆಸರಿನಲ್ಲಿ, ಆ್ಯಪ್ ಹಿನ್ನೆಲೆಗೆ ಹೋದ ಕ್ಷಣದಲ್ಲೇ ಕುಸಿತ.

ಬಳಕೆದಾರರೇ ಇತ್ತೀಚಿನ ಪಟ್ಟಿಯಿಂದ ಆ್ಯಪ್ ಅನ್ನು ಸರಿಸಿ ತೆಗೆದಿದ್ದರೆ ಉಳಿಸಿದ ಸ್ಥಿತಿಯನ್ನು ಸಿಸ್ಟಮ್ ಕೂಡ ಎಸೆಯುತ್ತದೆ. ಮುಂದಿನ ಸಲ ಆ್ಯಪ್ ಮೊದಲ ಪುಟದಲ್ಲೇ ತೆರೆಯಬೇಕು. ನನ್ನ ಬಳಿ ಮೂರು ವಾರ ತೆರೆದಿದ್ದ ದೂರೊಂದು ಕೊನೆಗೆ ಇದಾಗಿತ್ತು. ಪ್ರತಿ ಬಳಕೆಯ ನಂತರ ಎಲ್ಲ ಆ್ಯಪ್‌ಗಳನ್ನೂ ಸರಿಸಿ ತೆಗೆಯುವುದು ಅವರ ಅಭ್ಯಾಸ, ಅದನ್ನು ಹೇಳಬೇಕೆಂದು ಅವರಿಗೆ ತೋಚಿರಲಿಲ್ಲ, ಕೇಳಬೇಕೆಂದು ನನಗೂ ತೋಚಿರಲಿಲ್ಲ.